ದೊಡ್ಡಪ್ಪನ ಬಿಳಿ ಐದು

‘ಪಕ್ಕದ್ಮನೆಯೋರು ಮನೆ ಖಾಲಿ ಮಾಡ್ಬೇಕು ಸಾರ್!’ ಎಂದ ಎಸ್.ಪಿ. ರಸ್ತೆಯ ಅಂಗಡಿಯವನು. ಡಬ್ಬದ ಮೇಲೆ ‘1000 ವ್ಯಾಟ್ ಪಿ.ಎಂ.ಪಿ.ಒ.’ ಎಂದಿತ್ತು. ಯುಎಸ್‌ಬಿ ಕಿಂಡಿಯಿಂದ ಕರೆಂಟು ಹೀರುವ ಸ್ಪೀಕರು ಅದು. ನನ್ನ ಹಳೇ ಕಂಪ್ಯೂಟರಿನ ಕಿಂಡಿ ಕೊಡುವುದು 5 ವೋಲ್ಟು, ಅರ್ಧ ಆಂಪಿಯರು. ಗುಣಿಸಿದರೆ ಎರಡೂವರೆ ವ್ಯಾಟು. ಎರಡೂವರೆ ಸೇರು ಅಕ್ಕಿಯಲ್ಲಿ ಸಾವಿರ ಜನರಿಗೆ ಊಟ! ‘ಆರ್.ಎಂ.ಎಸ್., ಅಂದರೆ ನಿಜವಾದ ವ್ಯಾಟು ಎಷ್ಟು?’ ಎಂದೆ. ಹೆಣ್ಣು ನೋಡಲು ಬಂದು ಹಲ್ಲು ಎಣಿಸಿದವನನ್ನು ನೋಡುವಂತೆ ನೋಡಿದ. ಕೊನೆಗೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ, ಎರಡು ಮರಿ ಒಂದು ತಾಯಿಯ 2.1 ಸೆಟ್ಟು ತಂದೆ.

ಮೊದಲ ಸಂಜೆ ಪೂರ್ತಿ ಮೌನ. ಹಸಿರು ಪಿನ್ನು ಹಸಿರು ತೂತಿನಲ್ಲೇ ಇತ್ತು. ಎರಡು ಸಲ ಡ್ರೈವರ್ ಕಿತ್ತು ಹಾಕಿದೆ. ಮಗಳು ಬಂದು ಎರಡು ಕ್ಲಿಕ್ ಮಾಡಿದಳು. ವಿಂಡೋಸ್ ಅಷ್ಟು ಹೊತ್ತೂ ಸದ್ದನ್ನೆಲ್ಲ ಎಚ್‌ಡಿಎಂಐ ತಂತಿಯಲ್ಲಿ ಮಾನಿಟರಿಗೆ ಕಳಿಸುತ್ತಿತ್ತು. ನಮ್ಮ ಮಾನಿಟರಿಗೆ ಬಾಯೇ ಇಲ್ಲ.

ಆಮೇಲೆ ಶುರುವಾಯಿತು ಗುಂಯ್‌ಗಾನ. ಹಾಡು ಇರಲಿ ಬಿಡಲಿ, ತಾಯಿಡಬ್ಬ ಗುಂಯ್ ಎನ್ನುತ್ತಲೇ ಇತ್ತು. ನಾನು ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಮೇಜಿನಡಿ ನುಗ್ಗಿದೆ. ಆಗಲೇ ಸಾಗರದಿಂದ ಬಂದಿದ್ದ ದೊಡ್ಡಪ್ಪ ಕೋಣೆಗೆ ಬಂದು ಕೂತರು. ನಲವತ್ತು ವರ್ಷ ತಾಳಮದ್ದಳೆಯಲ್ಲಿ ಪದ ಹೇಳಿದ ಜೀವ.

‘ಶ್ರುತಿಪೆಟ್ಟಿಗೆ ಯಾವಾಗ ತಗೊಂಡೆ ಮಾಣಿ?’

ನಲವತ್ತಾರರ ಮಾಣಿ ಟಾರ್ಚಿನ ಸಂದಿನಿಂದ ‘ಊಂ’ ಎಂದ.

‘ಬಿಳಿ ಐದು. ಕೂದಲೆಳೆಯಷ್ಟು ಮೇಲಿದೆ, ಇಳಿಸು.’

ಟಾರ್ಚು ಉಗುಳಿ ಲೆಕ್ಕ ಹಾಕಿದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆಡುತ್ತದೆ. ಬಿಳಿ ಐದು ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆ; ತೀರಾ ಕೆಳಗಿನ ಸ್ಥಾಯಿಯಲ್ಲಿ ಅದರ ಕಂಪನ 49. ಮುದುಕರ ಕಿವಿ ಒಂದೇ ಒಂದು ಕಂಪನವನ್ನು ಹಿಡಿದಿತ್ತು! ‘ಅದನ್ನ ಇಳಿಸೋಕೆ ನನಗಾಗಲ್ಲ ದೊಡ್ಡಪ್ಪ, ಇಡೀ ದೇಶದ ಕರೆಂಟು ಇಳಿಸಬೇಕು.’

‘ಹಾಗಾದ್ರೆ ನಾನೇ ಏರಿಸ್ಕೊಳ್ತೆ ಬಿಡು’ ಎಂದವರು ಅದನ್ನು ಪಂಚಮ ಮಾಡಿಕೊಂಡು, ಬಿಳಿ ಒಂದರಲ್ಲಿ ಷಡ್ಜ ಹಿಡಿದು, ಕಣ್ಣು ಮುಚ್ಚಿ ಪದ ಎತ್ತಿಯೇಬಿಟ್ಟರು. ನನ್ನ ಕೈಯಲ್ಲಿ ತಂತಿ. ಎಳೆದರೆ ಶ್ರುತಿ ನಿಲ್ಲುತ್ತದೆ, ಎದ್ದರೆ ತಲೆ ಮೇಜಿಗೆ ಬಡಿಯುತ್ತದೆ. ಚಹಾ ತಂದ ಹೆಂಡತಿ, ಹಾಡುವ ಮಾವನನ್ನೂ ಮೇಜಿನಡಿಯಿಂದ ಚಾಚಿದ್ದ ನನ್ನ ಎರಡು ಪಾದಗಳನ್ನೂ ನೋಡಿ, ಎರಡು ಲೋಟವನ್ನೂ ಅಲ್ಲೇ ನೆಲದ ಮೇಲಿಟ್ಟು ಹೋದಳು. ಏರುಪದ ಮುಗಿಯುವ ಹೊತ್ತಿಗೆ ನನ್ನ ಎಡಗಾಲಿಗೆ ಜೋಮು, ಚಹಾದಲ್ಲಿ ಇರುವೆ.

ಗುಂಯ್‌ಗುಡುವಿಕೆಯ ಕಾರಣ ಕ್ಷುಲ್ಲಕ. ಕಂಪ್ಯೂಟರು ಒಂದು ಗೋಡೆಯ ಪ್ಲಗ್ಗಿನಲ್ಲಿ, ಸ್ಪೀಕರು ಎದುರು ಗೋಡೆಯದರಲ್ಲಿ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ, ನಿಂತಿತು. ಜಂಬದಿಂದ ಯಕ್ಷಗಾನದ ಹಳೇ ರೆಕಾರ್ಡಿಂಗ್ ಹಾಕಿದೆ.

ದೊಡ್ಡಪ್ಪ ಕಿವಿಗೆ ಕೈಯೊಡ್ಡಿ ಕೇಳಿದರು. ‘ಭಾಗವತರು ತಾಳ ಯಾಕೆ ಹಾಕ್ತಿಲ್ಲ?’

ತಾಳ ಕಿಣಿಕಿಣಿ ಎನ್ನುತ್ತಿತ್ತು. ಟ್ರೆಬಲ್ ಕೊನೆಯವರೆಗೂ ತಿರುಗಿಸಿದೆ. ನನ್ನ ಕಿವಿ ನೋಯಿತು.

‘ಉಹೂಂ.’

ವಯಸ್ಸು ಮೊದಲು ಕಸಿಯುವುದು ಮೇಲಿನ ಸದ್ದುಗಳನ್ನೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಶ್ರುತಿಪೆಟ್ಟಿಗೆ ಚೆನ್ನಾಗಿತ್ತು’ ಎಂದರು.

ಅವರು ಬಂದಾಗಲೆಲ್ಲ ತಾಯಿಡಬ್ಬದ ಪ್ಲಗ್ಗು ಎದುರು ಗೋಡೆಗೆ ಹೋಗುತ್ತದೆ.