ಮಿಡತೆ ಕಾಕಾ

ಮಿರಜ್‌ನಿಂದ ವಿಶ್ರಾಮಬಾಗ್ ಹಾದು ಸಾಂಗಲಿ ಮುಟ್ಟುವ ಹತ್ತು ಕಿಲೋಮೀಟರಿನಲ್ಲಿ ಹಳೇ ಚೇತಕ್ ಸ್ಕೂಟರಿನವರು ಸಿಗುತ್ತಾರೆ, ಎಚ್‌ಎಂಟಿ ಗಡಿಯಾರದವರು ಸಿಗುತ್ತಾರೆ, ವಾಲ್ವ್ ರೇಡಿಯೋದವರೂ ಸಿಗುತ್ತಾರೆ. ಇವರೆಲ್ಲ ಒಟ್ಟಾಗಿ “ಹುಚ್ಚು ಅಂದ್ರ ಅವರದಪಾ” ಎಂದು ಬೊಟ್ಟು ಮಾಡಿ ತೋರಿಸುವ ಇನ್ನೊಂದು ಜಾತಿಯ ಮನುಷ್ಯ ಇದ್ದಾರೆ. ಅವರೇ ಮಿಡತೆ ಕಾಕಾ. ವಯಸ್ಸು ಐವತ್ತರ ಆಚೀಚೆ. ಕಿಸೆಯಲ್ಲಿ ಪೆನ್ನಿನ ಜೋಡಿ ಒಂದು ಗಿಡ್ಡ ಸ್ಕ್ರೂಡ್ರೈವರ್. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸ್ಕ್ರೂ ಕೈಜಾರಿ ಮಂಚದಡಿ ಉರುಳಿದಾಗ ಎರಡೂ.

ಮಿಡತೆ ಎಂದರೆ ಜಪಾನಿನ ಟಾಮಿಯಾ ಕಂಪನಿ 1984ರಲ್ಲಿ ಹೊರತಂದ ಗ್ರಾಸ್‌ಹಾಪರ್ ಎಂಬ ರೇಡಿಯೋ ಕಂಟ್ರೋಲ್ ಕಾರು. ಮರಳಿನಲ್ಲಿ ಓಡುವ ಬಗ್ಗಿಯ ಹತ್ತನೇ ಒಂದು ಅಳತೆಯ ರೂಪ. ಡಬ್ಬಿಯೊಳಗೆ ಬಿಡಿಬಿಡಿಯಾಗಿ ಬರುತ್ತಿತ್ತು, ಕೊಂಡವರೇ ಜೋಡಿಸಿಕೊಳ್ಳಬೇಕು. ಹಿಂದಿನ ಗೇರುಪೆಟ್ಟಿಗೆ, ಅಚ್ಚು, ಮೋಟರು ಒಂದೇ ಗಂಟಾಗಿ ಮೇಲೆ ಕೆಳಗೆ ಆಡುತ್ತವೆ. ಸ್ಪ್ರಿಂಗಿನ ಒಳಗೆ ಎಣ್ಣೆಯಿಲ್ಲ. ಹಾಗಾಗಿ ಕಡಲೆಯಷ್ಟು ಹರಳು ಸಿಕ್ಕರೂ ಗಾಡಿ ಟಣ್ಣನೆ ಜಿಗಿಯುತ್ತದೆ.

ಆ ಕಾಲಕ್ಕೆ ಇಂಥ ಸಾಮಾನು ಮಿರಜ್‌ಗೆ ಬರಲು ಇದ್ದದ್ದು ಹೆಚ್ಚಾಗಿ ಎರಡೇ ದಾರಿ. ಒಂದು, ಕೊಲ್ಲಿಗೆ ಹೋದ ಅಣ್ಣನ ಸೂಟ್‌ಕೇಸು. ಇನ್ನೊಂದು, ಡಾಕ್ಟರ್ ಮಾವ. 1894ರಲ್ಲಿ ವಾನ್ಲೆಸ್ ಆಸ್ಪತ್ರೆ ಶುರುವಾದಂದಿನಿಂದ ದವಾಖಾನೆಗಳ ಊರೇ ಆಗಿಹೋದ ಮಿರಜ್‌ನಲ್ಲಿ ಪರದೇಶ ಕಂಡ ಒಬ್ಬ ಡಾಕ್ಟರ್ ಮಾವ ಪ್ರತಿ ಬಳಗಕ್ಕೂ ಇರುತ್ತಾರೆ, ಇಲ್ಲದಿದ್ದರೆ ಇದ್ದಾರೆಂದು ಹೇಳಿಕೊಳ್ಳುತ್ತಾರೆ. ಮಾವ ತಂದುಕೊಟ್ಟರು, ಹುಡುಗ ಒಂದು ಬೇಸಿಗೆ ಓಡಿಸಿದ, ಬ್ಯಾಟರಿ ಸತ್ತಿತು, ಅಪ್ಪ ಎತ್ತಿ ಅಟ್ಟಕ್ಕೆ ಹಾಕಿದರು. ಹತ್ತನೇ ಇಯತ್ತೆ, ನೌಕರಿ, ಲಗ್ನ, ಮನೆಸಾಲ ಎಲ್ಲ ಮುಗಿದ ಮೇಲೆ ಒಂದು ದೀಪಾವಳಿಗೆ ಅಟ್ಟ ಬಳಿಯಲು ಹೋದಾಗ ಡಬ್ಬಿ ಇಳಿಯಿತು. ಅಂದಿನಿಂದ ಅಟ್ಟಕ್ಕೆ ಸುಣ್ಣವೇ ಆಗಿಲ್ಲ.

ಡಬ್ಬಿಯೊಳಗೆ ನೋಡಿದರೆ ಟೈರು ಬಿರುಕು ಬಿಟ್ಟಿವೆ, ಬ್ಯಾಟರಿ ಬಿಳೀ ಪುಡಿ ಕಾರಿದೆ. ಬೆಳ್ಳಗಿದ್ದ ಎಬಿಎಸ್ ಪ್ಲಾಸ್ಟಿಕ್ಕಿನ ಮೈಯಂತೂ ಸಾಂಗಲಿ ಪೇಟೆಗೆ ಬಂದ ಅರಿಶಿನದ ಹಾಗೆ. ಇದಕ್ಕೊಂದು ಔಷಧವಿದೆ: ಹೈಡ್ರೋಜನ್ ಪೆರಾಕ್ಸೈಡ್. ಬ್ಯೂಟಿ ಪಾರ್ಲರಿನವರು ಕೂದಲಿಗೆ ಬಣ್ಣ ಹಚ್ಚುವಾಗ ಬಳಸುವ ಡೆವಲಪರ್ ಕ್ರೀಮಿನಲ್ಲಿ ಇರುವುದೂ ಅದೇ. ಕ್ರೀಮು ಬಳಿದು, ಪಾರದರ್ಶಕ ಹಾಳೆ ಸುತ್ತಿ, ಬಿಸಿಲಿಗೆ ಇಡಬೇಕು. ಒಣಗಲು ಬಿಟ್ಟರೆ ಕಲೆ ಉಳಿಯುತ್ತದೆ, ಆಗಾಗ ತಿರುವಿ ಹಾಕುತ್ತಿರಬೇಕು. ಏಪ್ರಿಲ್ ಬಿಸಿಲಿಗೆ ಮಾಳಿಗೆ ಹತ್ತಿ, ಕೊಡೆ ಹಿಡಿದು, ಕಾರಿಗೆ ನೆರಳು ಬೀಳದ ಹಾಗೆ ತಾವು ಮಾತ್ರ ನೆರಳಿನಲ್ಲಿ ಕೂತ ಕಾಕಾರನ್ನು ಓಣಿಯೇ ನೋಡಿದೆ.

“ಏನ್ರೀ ಅದು, ಸಂಡಿಗಿ ಬಾಜೂಕ?” ಕಾಕಾರ ಹೆಂಡತಿ ಕಾಕು ಕೇಳಿದರು.

“ಮುಟ್ಟಬ್ಯಾಡ. ತಲಿಗೆ ಹಚ್ಚೂ ಪೆರಾಕ್ಸೈಡ್ ಐತಿ.”

“ನನ್ನ ತಲಿಗೆ ಬಣ್ಣ ತರ್ರಿ ಅಂದ್ರ ಮೂರ ತಿಂಗಳ ಮರೀತೀರಿ. ಕಾರಿನ ತಲಿಗೆ ಬರೋಬ್ಬರಿ ನೆನಪಿರತೈತಿ.”

ಹಳದಿಯಾದ ಪ್ಲಾಸ್ಟಿಕ್ಕು ಬಿಸಿಲಿಗೆ ಬಿಳಿಯಾಗುತ್ತದೆ ಎಂಬುದನ್ನು ಕಾಕು ಈಗಲೂ ಒಪ್ಪಿಲ್ಲ. ಅವರ ಸಂಶಯ ಪೂರಾ ಸುಳ್ಳೇನಲ್ಲ. ಹೀಗೆ ಬೆಳ್ಳಗಾದದ್ದು ಕೆಲವು ವರ್ಷಕ್ಕೆ ಮತ್ತೆ ಹಳದಿಗೆ ತಿರುಗುವುದುಂಟು. ಆಗ ಕಾಕಾ ಮತ್ತೆ ಮಾಳಿಗೆ ಹತ್ತುತ್ತಾರೆ. ಅದೇ ಅವರಿಗೆ ಬೇಕಾದದ್ದು ಎಂದು ಕಾಕು ಹೇಳುತ್ತಾರೆ.

ಸ್ಕ್ರೂಡ್ರೈವರಿನ ವಿಷಯಕ್ಕೆ ಬಂದರೆ ಕಾಕಾ ಮಠದ ಸ್ವಾಮಿಗಳಿಗಿಂತ ಬಿಗಿ. ಜಪಾನಿನ ಪ್ಲಸ್ ಸ್ಕ್ರೂಗಳು ಆ ದೇಶದ ಜೆಐಎಸ್ ಅಳತೆಯವು. ಬಜಾರಿನಲ್ಲಿ ಸಿಗುವ ಫಿಲಿಪ್ಸ್ ಡ್ರೈವರ್ ಹಾಕಿ ತಿರುವಿದರೆ ತುದಿ ಮೇಲಕ್ಕೆ ಜಾರಿ ಸ್ಕ್ರೂವಿನ ತಲೆ ಸವೆದುಹೋಗುತ್ತದೆ. ನೋಡಲು ಎರಡೂ ಒಂದೇ ಥರ ಇರುವುದರಿಂದ ಈ ಮಾತನ್ನು ಹಾರ್ಡ್‌ವೇರ್ ಅಂಗಡಿಯವರು ನಂಬುವುದಿಲ್ಲ. ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಮೂರನ್ನೂ ಒಂದೇ ಸ್ಟೇಷನ್ನಿನಲ್ಲಿ ಕಂಡ ಊರಿನವರಿಗೆ ಅಳತೆಯ ಕಿಮ್ಮತ್ತು ತಿಳಿಯದಿದ್ದರೆ ಹ್ಯಾಗೆ ಎಂದು ಕಾಕಾ ಅಲ್ಲೇ ನಿಂತು ಭಾಷಣ ಮಾಡಿ, ಏನೂ ಕೊಳ್ಳದೆ ಬರುತ್ತಾರೆ.

“ಇಷ್ಟೆಲ್ಲಾ ಬಿಚ್ಚೀರಿ, ಕೂಡಸಾಕ ಬರತೈತೇನ?” ಎಂದು ಕಾಕು ಕೇಳಿದಾಗಲೆಲ್ಲ ಟಾಮಿಯಾ ಯಜಮಾನರ ಕಥೆ ಹೊರಬರುತ್ತದೆ. 1976ರಲ್ಲಿ ಬಂದ ಕಂಪನಿಯ ಮೊದಲ ರೇಡಿಯೋ ಕಾರು ಪೋರ್ಷೆ 934. ಆ ಮಾದರಿ ಕರಾರುವಾಕ್ಕಾಗಿ ಬರಲೆಂದು ಶುನ್ಸಾಕು ಟಾಮಿಯಾ ಅವರು ಒಂದು ನಿಜವಾದ ಪೋರ್ಷೆ 911 ಕೊಂಡು ಪೂರಾ ಬಿಚ್ಚಿಹಾಕಿದ್ದರು. ತಿರುಗಿ ಜೋಡಿಸಲು ಬಾರದೆ ಪೋರ್ಷೆಯವರ ಕೈಕಾಲು ಹಿಡಿಯಬೇಕಾಯಿತು. ತಮ್ಮ ಮೇಜಿನ ಮೇಲಿನ ರಾಶಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ ಎಂಬುದು ಕಾಕಾರ ಮತ.

ಅವರಿಗೆ ಎರಡು ನಂಬಿಕೆಗಳಿವೆ. ಎಲ್ಲವೂ ಒರಿಜಿನಲ್ ಇರಬೇಕು. ಒರಿಜಿನಲ್ ಯಾವುದೂ ಸಾಲದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮಿಡತೆಗೆ ಕಂಪನಿ ಕೊಟ್ಟದ್ದು 380 ಸೈಜಿನ ಸಣ್ಣ ಮೋಟರು. ಅದೇ ವರ್ಷ ಬಂದ ಅದರ ಅಣ್ಣತಮ್ಮಂದಿರ ಪೈಕಿಯ ಹಾರ್ನೆಟ್‌ಗೆ 540. ಗೇರುಪೆಟ್ಟಿಗೆ ಎರಡಕ್ಕೂ ಹೊಂದುವುದರಿಂದ ಕಾಕಾ 540 ಕೂರಿಸಿದರು. ಬುಶ್ ತೆಗೆದು ಬಾಲ್ ಬೇರಿಂಗ್ ಹಾಕಿದರು. ಹಳೇ ಕಾರಿನಲ್ಲಿ ವೇಗ ಬದಲಿಸಲು ಒಂದು ಸರ್ವೋ ತಾಮ್ರದ ಪಟ್ಟಿಗಳ ಮೇಲೆ ಕೈ ಆಡಿಸುತ್ತಿತ್ತು. ನಿಧಾನ ಹೋಗಬೇಕೆಂದರೆ ಉಳಿದ ಕರೆಂಟು ರೆಸಿಸ್ಟರಿನಲ್ಲಿ ಸುಟ್ಟು ಬಿಸಿಯಾಗಿ ಹೋಗಬೇಕು. ಅದರ ಜಾಗಕ್ಕೆ ಎಲೆಕ್ಟ್ರಾನಿಕ್ ಕಂಟ್ರೋಲರ್ ಬಂತು. 27 ಮೆಗಾಹರ್ಟ್ಸ್‌ನ ರೇಡಿಯೋ ಹೋಗಿ 2.4 ಗಿಗಾಹರ್ಟ್ಸ್ ಬಂತು. ಇದಕ್ಕೆ ಉದ್ದ ಏರಿಯಲ್ ಬೇಡ. ಆದರೆ ಏರಿಯಲ್ ಇಲ್ಲದಿದ್ದರೆ ಕಾರು ಬೋಳು ಕಾಣುತ್ತದಲ್ಲ? ಯಾವುದಕ್ಕೂ ಜೋಡಿಸದ ಒಂದು ಏರಿಯಲ್ ನೆಟ್ಟಗೆ ನಿಂತಿದೆ. ಕಪ್ಪಾದ ರೆಸಿಸ್ಟರೂ ಇದ್ದಲ್ಲೇ ಇದೆ, ತಂತಿ ಮಾತ್ರ ಇಲ್ಲ. ಒಳಗೆ ಕೂತ ಡ್ರೈವರ್ ಬೊಂಬೆಗೆ ಮೀಸೆ ಬಂದಿದೆ. ಹಿಂದೆ ಸಾಂಗಲಿಯ ಎಂಎಚ್ 10 ನಂಬರ್ ಪ್ಲೇಟು. ಬಂದವರಿಗೆ ಇದನ್ನೆಲ್ಲ ತೋರಿಸಿ ಕಾಕಾ ಹೇಳುವುದು: “ಪೂರಾ ಒರಿಜಿನಲ್ ಐತ್ರಿ.”

2005ರಲ್ಲಿ ಕಂಪನಿ ಇದೇ ಕಾರನ್ನು ಮತ್ತೆ ಹೊರತಂದಿತು. ಹೊಸದನ್ನೇ ತರಿಸಬಹುದಲ್ಲ ಎಂದ ಮಗನನ್ನು ಕಾಕಾ ಒಂದು ವಾರ ಮಾತಾಡಿಸಲಿಲ್ಲ. ಆಮೇಲೆ ತಾವೇ ಸದ್ದಿಲ್ಲದೆ ದರ ವಿಚಾರಿಸಿದರು. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿ, 2023ರಲ್ಲಿ 70 ಆಗಿತ್ತು. ಬಜೆಟ್ ಭಾಷಣದಲ್ಲಿ ಇನ್ಕಮ್ ಟ್ಯಾಕ್ಸ್ ಬಿಟ್ಟು ಆಟಿಕೆಗಾಗಿ ಕಿವಿ ನಿಮಿರಿಸಿ ಕೂರುವ ಐವತ್ತರ ಗಂಡಸರು ದೇಶದಲ್ಲಿ ಬಹಳ ಇರಲಾರರು. ಹೀಗಾಗಿ ಬಿಡಿಭಾಗಗಳು ಬೆಂಗಳೂರಿನ ಅಳಿಯನ ಕೈಚೀಲದಲ್ಲಿ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ, ಮೈಸೂರು ಪಾಕಿನ ಕೆಳಗೆ ಬರುತ್ತವೆ.

ಊರೂ ಅವರಿಗೆ ತಕ್ಕದ್ದೇ. ಆಯುಧ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು ಹತ್ತೊಂಬತ್ತನೇ ಶತಮಾನದಲ್ಲಿ ಸಿತಾರ್ ರಿಪೇರಿಗೆ ಕೈಹಾಕಿ, ಆಮೇಲೆ ತಾವೇ ಸಿತಾರ್ ಕಟ್ಟತೊಡಗಿದ ಊರು ಮಿರಜ್. ಅವರಲ್ಲಿ ಫರೀದ್‌ಸಾಹೇಬರ ಹೆಸರು ಮೊದಲು ಬರುತ್ತದೆ. ಇಲ್ಲಿನ ಸಿತಾರಿಗೂ ತಂಬೂರಿಗೂ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಪಾಲಿಶ್ ಕೇಳುವ ನೆಪದಲ್ಲಿ ಕಾಕಾ ಸಿತಾರ್‌ಮೇಕರ್ ಗಲ್ಲಿಗೆ ಕಾರು ಒಯ್ದರು. ಮುದುಕ ಕಾರೀಗರರು ಚಕ್ರ ತಿರುವಿ, ಗೇರಿನ ಕರಕರ ಸದ್ದನ್ನು ಕಿವಿಗೆ ಹಿಡಿದು ಕೇಳಿ, ಸಿತಾರಿನ ಝೇಂಕಾರಕ್ಕೆ ಹೇಳುವ ಮಾತಿನಲ್ಲೇ, ಜವಾರಿ ಸ್ವಲ್ಪ ಹೆಚ್ಚು ಬಿಚ್ಚಿದೆ ಎಂದರು. ಗಲ್ಲಿಯೆಲ್ಲ ನಕ್ಕಿತು. ಕಾಕಾ ನಗಲಿಲ್ಲ, ಮನೆಗೆ ಬಂದು ಗೇರಿಗೆ ಗ್ರೀಸ್ ಹಚ್ಚಿದರು. ಸದ್ದು ನಿಂತಿತು.

ಇಷ್ಟಾಗಿ ಕಾರು ಓಡುತ್ತದೆಯೇ? ಓಡುತ್ತದೆ, ಓಡಿಸುವುದಿಲ್ಲ. ಮಳೆಗಾಲಕ್ಕೆ ಕೆಸರು, ಚಳಿಗಾಲಕ್ಕೆ ಧೂಳು, ಬೇಸಿಗೆಗೆ ಡಾಂಬರು ಮೆತ್ತಗೆ. ಸಾಂಗಲಿಯ ಕಾಕಾಗಳದಂತೂ ಬೇರೆಯೇ ಚಿಂತೆ: 2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಾಗ ಮಿಕ್ಸರಿಗಿಂತ ಮೊದಲು ಮೇಲಿನ ಮಜಲು ಏರಿದ್ದು ಯಾವುದು ಎಂಬ ಜಗಳ ಕೆಲವು ಮನೆಗಳಲ್ಲಿ ಇನ್ನೂ ಬಗೆಹರಿದಿಲ್ಲ.

ಖಂಡೇನವಮಿಗೆ ಮಾತ್ರ ವಿನಾಯಿತಿ. ಸ್ಕೂಟರಿನ ಪಕ್ಕದಲ್ಲಿ ಮಿಡತೆಗೂ ಕುಂಕುಮ, ಏರಿಯಲ್‌ಗೆ ಒಂದು ಚೆಂಡುಹೂವು. ಓಣಿಯ ಹುಡುಗರು ಸುತ್ತುಗಟ್ಟಿದರು. ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕಲ್ಲ, ಇಟ್ಟರು. ಹಣ್ಣು ಮುಂದಿನ ಚಕ್ರದ ಅರ್ಧಕ್ಕಿಂತ ಎತ್ತರ. ಕಾಕಾ ಗುಂಡಿ ಒತ್ತಿದರು. 540 ಮೋಟರು ಕಿರುಚಿತು, ಕಾರು ಹಣ್ಣಿನ ಮೇಲೆ ಜಿಗಿದು, ಗಾಳಿಯಲ್ಲಿ ಮಗ್ಗುಲಾಗಿ, ರಂಗೋಲಿಯ ನಟ್ಟನಡುವೆ ಅಂಗಾತ ಬಿತ್ತು. ಮೀಸೆಯ ಡ್ರೈವರ್ ತಲೆಕೆಳಗಾಗಿದ್ದ, ಚಕ್ರ ತಿರುಗುತ್ತಲೇ ಇತ್ತು. ಹುಡುಗರು ಶಿಳ್ಳೆ ಹಾಕಿ “ಕಾಕಾ, ಇನ್ನೊಮ್ಮೆ!” ಎಂದರು.

ಕಾಕು ನಿಂಬೆಹಣ್ಣು ಎತ್ತಿ ತಿರುವಿ ನೋಡಿದರು. ಒಡೆದಿರಲಿಲ್ಲ. “ಶರಬತ್ತಿಗೆ ಆಗತೈತಿ” ಎಂದು ಒಳಗೆ ಹೋದರು. ಕಾಕಾ ಆಗಲೇ ಬಚ್ಚಲಿನಲ್ಲಿ ಹಳೇ ಟೂತ್‌ಬ್ರಷ್ ಹುಡುಕುತ್ತಿದ್ದರು. ಸಿಕ್ಕದ್ದು ಮಗನ ಹೊಸ ಬ್ರಷ್, ಅದನ್ನೇ ತಂದರು.