ಪಂಪಿಗಿಲ್ಲದ ಎನ್‌ಓಸಿ ಟರ್ಬೈನಿಗ್ಯಾಕೆ ಸಾಹೇಬರೇ?

ವಿಷಯ: ಕಾಲುವೆ ಡ್ರಾಪಿನಲ್ಲಿ ಕಿರು ಜಲವಿದ್ಯುತ್ ಘಟಕಕ್ಕೆ ಅನುಮತಿ ಕೋರಿ (ಮತ್ತೊಮ್ಮೆ).

ಮಾನ್ಯ ನೀರಾವರಿ ಇಲಾಖೆ ಸಾಹೇಬರೇ,

ಗೊರೇಬಾಳದ ಸದರಿ ಅರ್ಜಿದಾರನ ನಮಸ್ಕಾರ. ನಿನ್ನೆ ತಮ್ಮವರು ಜಂಟಿ ಸ್ಥಳ ಪರಿಶೀಲನೆಗೆ ಬಂದಿದ್ದರು. ಮೇ ತಿಂಗಳು, ಕಾಲುವೆ ಬಂದ್. ತಳದ ಹೂಳು ಬಿರುಕುಬಿಟ್ಟಿತ್ತು, ಎಮ್ಮೆಯೊಂದು ಸೇತುವೆ ನೆರಳಿಗೆ ಮಲಗಿತ್ತು. ಅವರು ದಂಡೆ ಮೇಲೆ ನಿಂತು ಬರೆದುಕೊಂಡರು: 'ಸ್ಥಳದಲ್ಲಿ ನೀರು ಕಂಡುಬಂದಿರುವುದಿಲ್ಲ.'

"ನೀರು ಬಿಟ್ಟಾಗ ಬರ್ರಿ ಅಂತ ಬೇಡಿಕೊಂಡಿದ್ದೆನಲ್ರಿ" ಎಂದ ಅರ್ಜಿದಾರ.

"ನೀರು ಬಿಟ್ಟಾಗ ನಮಗ ಗೇಟಿನ ಡ್ಯೂಟಿ ಇರ್ತದ್ರಿ."

ಅರ್ಜಿದಾರ ಕೇಳುತ್ತಿರುವುದು ಜೋಗದ ಗುಂಡಿಯನ್ನಲ್ಲ. ಕಾಲುವೆ ನೀರು ಡ್ರಾಪಿನಲ್ಲಿ ಸುಮ್ಮನೆ ಧುಮುಕುತ್ತದೆ. ಸೆಕೆಂಡಿಗೆ 10 ಘನ ಮೀಟರ್ ನೀರು 3 ಮೀಟರ್ ಇಳಿದರೆ ಸುಮಾರು 240 ಕಿಲೋವ್ಯಾಟ್ ವಿದ್ಯುತ್ತು. ಇದೇನು ಹೊಸ ಹುಚ್ಚೂ ಅಲ್ಲ. ಇದೇ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನೇ ನಂಬಿ ಸರ್ಕಾರದ ಕೆಪಿಸಿ ಮಲ್ಲಾಪುರದಲ್ಲಿ 9 ಮೆಗಾವ್ಯಾಟ್, ಸಿರವಾರದಲ್ಲಿ 1 ಮೆಗಾವ್ಯಾಟ್, ಕಲ್ಮಲದಲ್ಲಿ 400 ಕಿಲೋವ್ಯಾಟ್, ಗಣೇಕಲ್‌ನಲ್ಲಿ 350 ಕಿಲೋವ್ಯಾಟಿನ ಘಟಕ ಕಟ್ಟಿತು. ಆಗ ಎಮ್ಮೆ ಮಲಗಿದ್ದಾಗ ಯಾರೂ ಪರಿಶೀಲನೆಗೆ ಹೋಗಿರಲಿಲ್ಲವೇನೋ.

ನಮೂನೆಯಲ್ಲಿ 'ಮುಳುಗಡೆಯಾಗುವ ಗ್ರಾಮಗಳ ಸಂಖ್ಯೆ' ಎಂದಿತ್ತು. ಅರ್ಜಿದಾರ ಸೊನ್ನೆ ಬರೆದ. ಕಡತ ವಾಪಸ್ ಬಂತು: 'ಸೊನ್ನೆಗೆ ಪೂರಕ ದಾಖಲೆ ಲಗತ್ತಿಸುವುದು.' ಅದನ್ನೂ ಗ್ರಾಮ ಪಂಚಾಯಿತಿಯಿಂದ ತಂದುಕೊಟ್ಟ. ಕ್ರೆಡಲ್ ಮಂಜೂರಾತಿ, ಜೆಸ್ಕಾಂ ಖರೀದಿ ಒಪ್ಪಂದ, ಅದಕ್ಕೆ ಕೆಇಆರ್‌ಸಿ ಒಪ್ಪಿಗೆ, ಇವೆಲ್ಲ ದೂರದ ಮಾತು. ಅಲ್ಲಿಗೆ ಮುಟ್ಟಬೇಕಾದರೆ ಮೊದಲು ತಮ್ಮ ಮೇಜು ದಾಟಬೇಕು.

ಈಗ ತಾವು ವರ್ಷವಿಡೀ ನೀರು ಹರಿಯುವ ಖಾತರಿ ಪತ್ರ ಕೇಳಿದ್ದೀರಿ. ಯಾರಿಂದ? ಅರ್ಜಿದಾರನಿಂದಲೇ! ತುಂಗಭದ್ರಾ ಅಣೆಕಟ್ಟೆ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್‌ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಗೇಟಿಗೇ ಇಲ್ಲದ ಖಾತರಿಯನ್ನು ಗೊರೇಬಾಳದವನು ಎಲ್ಲಿಂದ ತರಬೇಕು? ಹರಿವಿನ ಲೆಕ್ಕ ಬರೆಯುವ ಪುಸ್ತಕ ಇರುವುದು ತಮ್ಮ ಕಪಾಟಿನಲ್ಲಿ.

ಹೋಗಲಿ, ಇದನ್ನೂ ನುಂಗಿಕೊಳ್ಳಬಹುದು. ನುಂಗಲಾಗದ್ದು ಒಂದೇ: ಕೆಳಭಾಗದ ರೈತರ ಎನ್‌ಓಸಿ. 'ಘಟಕದಿಂದ ನೀರು ಕಡಿಮೆಯಾಗುವುದಿಲ್ಲ' ಎಂದು ಟೇಲೆಂಡಿನವರೆಲ್ಲ ಸಹಿ ಹಾಕಬೇಕಂತೆ. ಸಾಹೇಬರೇ, ಟರ್ಬೈನು ನೀರು ಕುಡಿಯುವುದಿಲ್ಲ. ಮೇಲಿನಿಂದ ಬಂದದ್ದನ್ನು ಒಂದು ಹನಿಯೂ ಇಟ್ಟುಕೊಳ್ಳದೆ ಕೆಳಗೆ ಬಿಡುತ್ತದೆ. ನೀರು ಕುಡಿಯುವವರು ಬೇರೆ ಇದ್ದಾರೆ. ಈ ಕಾಲುವೆಯನ್ನು ಲೆಕ್ಕ ಹಾಕಿದ್ದೇ ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ. ಈಗ ಎಲ್ಲಿ ನೋಡಿದರೂ ಭತ್ತ. ಅಚ್ಚುಕಟ್ಟಿನ ಆಚೆಯ ಹೊಲಗಳಿಗೂ ರಾತ್ರೋರಾತ್ರಿ ಪೈಪು ಇಳಿಯುತ್ತವೆ, ಪಂಪು ಕೂರುತ್ತವೆ. ಆ ಪಂಪಿಗೆ ಡಿಪಿಆರ್ ಇದೆಯೇ? ಸ್ಥಳ ಪರಿಶೀಲನೆ ಆಯಿತೇ? ಮುಳುಗಡೆ ಗ್ರಾಮ ಎಷ್ಟು ಅಂತ ಬರೆದರೇ? ಕೆಳಗಿನ ಮಾನ್ವಿ, ರಾಯಚೂರು ಕಡೆಯ ರೈತರು ನೀರಿಗಾಗಿ ರಸ್ತೆ ತಡೆ ನಡೆಸಿ ಗಂಟಲು ಹರಿದುಕೊಂಡರೂ ಪಂಪಿಗೆ ಎನ್‌ಓಸಿ ಕೇಳಿದವರಿಲ್ಲ. ಕದ್ದರೆ ಕಾಗದ ಬೇಡ, ವಾಪಸ್ ಕೊಡುವವನಿಗೆ ಮಾತ್ರ ಮೂರು ಪ್ರತಿ!

ಅರ್ಜಿದಾರನಿಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಆದರೂ ಪರಿಹಾರ ಹುಡುಕಿದ್ದಾನೆ. ಟರ್ಬೈನಿನ ಅರ್ಜಿ ಹಿಂಪಡೆದು, ಅದೇ ಜಾಗದಲ್ಲಿ ಅಕ್ರಮ ಪಂಪು ಕೂರಿಸುವುದಾಗಿ ಹೊಸ ಅರ್ಜಿ ಕೊಡುತ್ತಾನೆ. ಅಕ್ರಮಕ್ಕೆ ಯಾವ ನಮೂನೆ, ಸ್ಟಾಂಪು ಎಷ್ಟರದು, ಎಷ್ಟನೇ ಟೇಬಲ್ಲಿಗೆ ಕೊಡಬೇಕು, ದಯವಿಟ್ಟು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ಇಂತಿ,
ಸದರಿ ಅರ್ಜಿದಾರ, ಗೊರೇಬಾಳ

ಅಡಕ: ಸೊನ್ನೆಯ ಪೂರಕ ದಾಖಲೆ, ಮೂರು ಪ್ರತಿ.