ಹೊಗೆಯ ಪಂಡಿತರು

ಹಳೇಬೀಡಿಗೆ ಹೊಂದಿಕೊಂಡ ಬಸ್ತಿಹಳ್ಳಿಯಲ್ಲಿ, ಗಂಗರಾಜನ ಮಗ ಬೊಪ್ಪದೇವನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ನುಣುಪಾದ ಕಂಬಗಳಲ್ಲಿ ಯಾತ್ರಿಕರು ತಮ್ಮ ಪ್ರತಿಬಿಂಬವನ್ನು ಕಂಡು ಬೆರಗಾಗುವುದುಂಟು. ನಮ್ಮ ನಿವೃತ್ತ ಮೇಷ್ಟ್ರಾದರೋ ಮುಖಾವಲೋಕನಕ್ಕಾಗಿ ಅಷ್ಟು ದೂರ ನಡೆಯುವವರಲ್ಲ, ಅಂಗಳದಲ್ಲಿ ನಿಂತ ಯೆಜ್ಡಿ ಬೈಕಿನ ಸೈಲೆನ್ಸರುಗಳೇ ಅವರಿಗೆ ಸಾಕು. ಯೆಜ್ಡಿಯನ್ನು ಹೆತ್ತ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದಂದಿನಿಂದ ಆ ವಂಶದ ರಕ್ಷಣೆಯ ಭಾರ ತಮ್ಮ ಹೆಗಲಿಗೇ ಬಿದ್ದಿದೆಯೆಂದು ನಂಬಿದ ಮಹನೀಯರು ಹಳೆಯ ಮೈಸೂರು ಸೀಮೆಯಲ್ಲಿ ಊರಿಗೊಬ್ಬರಾದರೂ ಸಿಕ್ಕಾರು. ಅನ್ಯರ ಕೈಗೆ ಸ್ಪ್ಯಾನರ್ ಕೊಡುವುದು ಇವರ ಧರ್ಮಶಾಸ್ತ್ರದಲ್ಲಿ ಮಹಾಪಾತಕ.

ಆ ಯಂತ್ರದ ಪ್ರಕೃತಿಯೇ ವಿಚಿತ್ರ. ಸಿಲಿಂಡರ್ ಒಂದು, ಹೊಗೆಕೊಳವೆ ಎರಡು. ಪೆಟ್ರೋಲಿನೊಡನೆ ಬೆರೆಸಿದ ಆಯಿಲ್ ಅರೆಬೆಂದು, ಸೈಲೆನ್ಸರಿನೊಳಗಿನ ಜಾಲರಿ ಕೊಳವೆಗೆ ಡಾಂಬರಿನಂತೆ ಮೆತ್ತಿ, ಹಳೆಯ ಹೊಗೆ ಹೊರಹೋಗಲು ದಾರಿಯಿಲ್ಲದೆ ಹೊಸ ಉಸಿರು ಒಳಬರಲು ಎಡೆಯಿಲ್ಲದೆ ಇಂಜಿನ್ ಏದುಸಿರು ಬಿಡುವುದು ಅದರ ಜನ್ಮಸಿದ್ಧ ವ್ಯಾಧಿ. ಇಷ್ಟನ್ನು ಎಲ್ಲರೂ ಬಲ್ಲರು. ಎಲ್ಲರೂ ಬಲ್ಲದ್ದು ಕಾರಣವಾಗಿರಲಾರದೆಂಬುದು ಮೇಷ್ಟ್ರ ಸಿದ್ಧಾಂತ.

ಹೀಗಾಗಿ, ಮಳೆಗಾಲವೆಲ್ಲ ಗೋಣಿಚೀಲ ಹೊದ್ದು ಕೊಟ್ಟಿಗೆಯಲ್ಲಿ ಮಲಗಿದ್ದ ಗಾಡಿ ಪುಷ್ಪಗಿರಿಯ ಏರಿನಲ್ಲಿ ನಿಂತುಬಿಟ್ಟಾಗ, ಅವರು ಮೊದಲು ಸಿಲಿಂಡರಿನ ಬಾಯಿಯ ತಾಮ್ರದ ಬಳೆ ಸೋರುತ್ತಿದೆಯೆಂದು ಅದನ್ನು ಬದಲಿಸಿದರು. ಬಳಿಕ ಕ್ರ್ಯಾಂಕಿನ ಆಯಿಲ್ ಸೀಲ್ ಸವೆದು ಗೇರ್‌ಬಾಕ್ಸಿನ ಎಣ್ಣೆಯನ್ನು ಇಂಜಿನ್ ಕುಡಿಯುತ್ತಿದೆಯೆಂದು ಶಂಕಿಸಿ ಅರ್ಧ ಇಂಜಿನನ್ನೇ ಜಗಲಿಯ ಮೇಲೆ ಹರಡಿದರು. ಕೊನೆಗೆ ನಾಡಿಪರೀಕ್ಷೆ: ಎರಡೂ ಸೈಲೆನ್ಸರುಗಳ ಬಾಯಿಗೆ ಅಂಗೈ ಹಿಡಿದು, ಎಡಗಡೆಯದು ಮೆಲ್ಲಗೆ, ಬಲಗಡೆಯದು ರಭಸದಿಂದ ಊದುತ್ತಿರುವುದನ್ನು ಕಂಡುಹಿಡಿದರು. ಪಾಮರನಾಗಿದ್ದರೆ ಎಡಗಡೆಯದನ್ನು ಬಿಚ್ಚುತ್ತಿದ್ದ. ಮೇಷ್ಟ್ರು, "ಬಲಗಡೆಯದಕ್ಕೆ ಉಬ್ಬಸ" ಎಂದು ನಿರ್ಣಯಿಸಿ, ಅದರ ಜಾಲರಿಯನ್ನೆಳೆದು ಬಚ್ಚಲ ಒಲೆಗೆ ತುರುಕಿದರು. ಹಂಡೆಯ ನೀರು ಕಾಯಿತು. ಮನೆಯವರಿಗೆಲ್ಲ ಎರಡು ದಿನ ಕೆಮ್ಮು. ಗಾಡಿ ಮಾತ್ರ ಮುನ್ನಿನಂತೆಯೇ ಇತ್ತು.

ಆಗ ಅವರ ಶ್ರೀಮತಿಯವರು ಅಕ್ಕಿ ಆರಿಸುತ್ತಲೇ ಅಂದರು: "ಅಲ್ರೀ, ಆಷಾಢದಲ್ಲಿ ಒಂದು ಕಡಜ ಆ ಎಡಗಡೆ ಕೊಳವೆಯೊಳಕ್ಕೆ ಮಣ್ಣು ಹೊರ್ತಿತ್ತಲ್ಲ, ಅದೇನಾದ್ರೂ ಗೂಡು ಕಟ್ಟಿದೆಯೋ ನೋಡಬಾರದೇ?"

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಇಂಜಿನನ್ನ ಕೇಳ್ತಾ ಇದ್ರಿ. ನನ್ನನ್ನಲ್ಲವಲ್ಲ."

ಕೊಡೆಯ ಕಡ್ಡಿಯಿಂದ ಕೆದಕಿದಾಗ ಒಂದು ಬೊಗಸೆ ಮಣ್ಣು ಉದುರಿತು. ಈ ಪ್ರಸಂಗವನ್ನು ಮೇಷ್ಟ್ರು ಈಗ, ಇಂಧನದೋಷದಿಂದ ಹುಟ್ಟುವ "ಮೃತ್ತಿಕಾಬಂಧ"ವೆಂದು ನಮಗೆಲ್ಲ ವಿವರಿಸುತ್ತಾರೆ, ಕಡಜದ ಹೆಸರೆತ್ತುವುದಿಲ್ಲ. ಆದರೂ ರಾತ್ರಿಯಾದೊಡನೆ ಎರಡೂ ಸೈಲೆನ್ಸರುಗಳ ಬಾಯಿಗೆ ತೆಂಗಿನ ಚಿಪ್ಪು ಕಟ್ಟಿಡುತ್ತಾರೆ. ಬೆಳಗ್ಗೆ ಅದನ್ನು ಬಿಚ್ಚಲು ಮರೆತು ಕಿಕ್ ಹೊಡೆದದ್ದು ಇದುವರೆಗೆ ಎರಡೇ ಬಾರಿ.